ಮಾರುತಿ 800: ಹೆಡ್ ಮಾತ್ರ ಮನೆಯಲ್ಲೇ ಬಿಚ್ಚಿ ಕೂರಿಸಬಹುದಾ?

ಕೆಂಪು800:

ಗಾಡಿ 1996ರ ಮಾರುತಿ 800, ಕಾರ್ಬುರೇಟರ್, 6 ವಾಲ್ವ್, 4 ಗೇರ್. ಊರು ಮೈಸೂರು. ರೇಡಿಯೇಟರಿನ ಮೇಲಿನ ಹೋಸ್ ಒಡೆದು ಒಂದು ಸಲ ಮುಳ್ಳು ಕೆಂಪಿಗೆ ಹೋಗಿತ್ತು. ಹೋಸ್ ಬದಲಾಯಿಸಿದ ಮೇಲೆ ಬಿಸಿ ಏರುತ್ತಿಲ್ಲ. ಆದರೆ ಐಡ್ಲಿಂಗಲ್ಲಿ ಇಂಜಿನ್ ಕುಂಟುತ್ತೆ, ಏರಿನಲ್ಲಿ ಎಳೆಯೋದೇ ಇಲ್ಲ. ಬೆಳಗಿನ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬುಸ್ಸಂತ ಬಂದು ನಿಂತುಹೋಗುತ್ತೆ. ಕೂಲಂಟ್ ಕಮ್ಮಿಯಾಗ್ತಿಲ್ಲ, ಆಯಿಲ್ ಬಿಳಿಯಾಗಿಲ್ಲ. ಪ್ಲಗ್, ವೈರ್, ಕ್ಯಾಪ್, ರೋಟರ್ ಎಲ್ಲ ಹೊಸದು.

ಗ್ಯಾರೇಜಲ್ಲಿ ಇಂಜಿನ್ ಇಳಿಸಿ ಫುಲ್ ಬೋರ್ (ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್, ರಿಂಗ್) ಮಾಡಿಸಿ ಅಂತಿದ್ದಾರೆ. ಹೆಡ್ (ಸಿಲಿಂಡರುಗಳ ಮೇಲೆ ಕೂರೋ ಮುಚ್ಚಳ, ವಾಲ್ವ್ ಇರೋದು ಅದರಲ್ಲೇ) ಮಾತ್ರ ಬಿಚ್ಚಿ, ಅದರ ಕೆಳಗಿನ ಗ್ಯಾಸ್ಕೆಟ್ಟು, ವಾಲ್ವ್ ಕೆಲಸ ಮನೆಯಲ್ಲೇ ಮುಗಿಸೋಕೆ ಆಗುತ್ತಾ? ಸಾಕೆಟ್ ಸೆಟ್, ಫೀಲರ್ ಗೇಜ್, 40ರಿಂದ 200 ನ್ಯೂಟನ್ ಮೀಟರಿನ ಟಾರ್ಕ್ ರೆಂಚ್ ಇದೆ. ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ತರಬೇಕು.

ಪಾನಾಪೆಟ್ಟಿಗೆ:

ಆಗುತ್ತೆ. ಆದರೆ ಪಾನಾ ಹಿಡಿಯೋ ಮುಂಚೆ ಗೇಜ್ ಹಿಡೀರಿ. ಹೆಡ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಪಿಸ್ಟನ್ ರಿಂಗ್ ಹೇಗಿದೆ ಅಂತ ತಿಳ್ಕೊಳ್ಳೋಕೆ ದಾರಿಯೇ ಇರಲ್ಲ. ಮೇಲೆಲ್ಲ ಹೊಸದಾಗಿ ಮಾಡಿ, ಕೆಳಗೆ ರಿಂಗ್ ಸತ್ತಿದ್ದರೆ ಖರ್ಚೆಲ್ಲ ನೀರಲ್ಲಿ ಹೋಮ.

ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯೋ ಮೀಟರ್, ತಗೊಳ್ಳಿ. ಇಂಜಿನ್ ಬಿಸಿ ಇರಬೇಕು, ಬ್ಯಾಟರಿ ಗಟ್ಟಿ ಇರಬೇಕು. ಮೂರೂ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲಿನ ಸಣ್ಣ ವೈರ್ ಕಿತ್ತಿಡಿ, ಇನ್ನೊಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದಿರಲಿ. ಥ್ರಾಟಲ್ ಮುಚ್ಚಿದ್ದರೆ ಗಾಳಿ ಒಳಗೆ ಹೋಗದೆ ಮೂರೂ ಸಿಲಿಂಡರ್ ಸುಳ್ಳು ಹೇಳ್ತವೆ. ಒಂದೊಂದಕ್ಕೂ ಐದಾರು ಸಲ 'ದಬ್ ದಬ್' ಅನ್ನೋವರೆಗೂ ಸೆಲ್ಫ್ ಹೊಡೆದು ಬರ್ಕೊಳ್ಳಿ. ಆಮೇಲೆ ಪ್ರತಿ ಪ್ಲಗ್ ತೂತಿಗೂ ಎರಡು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಆಯಿಲ್ ಬಿಟ್ಟಾಗ ಮುಳ್ಳು ಚೆನ್ನಾಗಿ ಮೇಲೆ ಹೋದರೆ ರಿಂಗ್ ಅಥವಾ ಬೋರ್. ಅಲುಗಾಡದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಪುಸ್ತಕದ ಲೆಕ್ಕ ಚದರ ಸೆಂ.ಮೀ.ಗೆ 12 ಕೆಜಿ ಆಸುಪಾಸು, ಸಿಲಿಂಡರ್ ಸಿಲಿಂಡರ್ ನಡುವೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆ 12 ಸಮುದ್ರಮಟ್ಟದ್ದು. ಮೈಸೂರು 750 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಎಂಟೊಂಬತ್ತು ಪರ್ಸೆಂಟ್ ಕಮ್ಮಿ. ನಿಮಗೆ 11 ಬಂದರೆ ಅದು ಆರೋಗ್ಯವಂತ ಇಂಜಿನ್. ಬೆಂಗಳೂರಲ್ಲಿ ಇನ್ನೂ ಸ್ವಲ್ಪ ಇಳಿಯುತ್ತೆ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆ ಇಂಜಿನ್ನುಗಳಿಗೆ ಸುಮ್ಮನೆ ಬೋರ್ ಆಗಿದೆ.

ಕೆಂಪು800:

ಒಣಗಿದ್ದಾಗ 1ನೇದು 10.5, 2ನೇದು 6, 3ನೇದು 6. ಆಯಿಲ್ ಬಿಟ್ಟ ಮೇಲೆ 11, 6, 6.5.

ಪಾನಾಪೆಟ್ಟಿಗೆ:

ಅಲ್ಲಿಗೆ ಫುಲ್ ಬೋರ್ ಮಾತು ಬಿಡಿ. ಅಕ್ಕಪಕ್ಕದ ಎರಡು ಸಿಲಿಂಡರ್, ಎರಡೂ ಒಂದೇ ಅಳತೆಗೆ ಕಮ್ಮಿ, ಆಯಿಲಿಗೂ ಜಗ್ಗಿಲ್ಲ. 2 ಮತ್ತು 3ರ ನಡುವಿನ ಸಣ್ಣ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟಿದೆ, ಒಂದು ಒತ್ತಿದ ಗಾಳಿ ಇನ್ನೊಂದಕ್ಕೆ ಹೋಗ್ತಿದೆ. ನೀರಿನ ದಾರಿಗೆ ತಾಗಿಲ್ಲ, ಅದಕ್ಕೇ ಕೂಲಂಟೂ ಆಯಿಲ್ಲೂ ಸರಿಯಾಗಿವೆ. ಖಾತ್ರಿ ಬೇಕಾದರೆ 2ನೇ ಪಿಸ್ಟನ್ನನ್ನು ಕಂಪ್ರೆಷನ್ ತುದಿಗೆ ತಂದು, ಗಾಡಿ ಗೇರಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿಂದ ಕಂಪ್ರೆಸರ್ ಗಾಳಿ ಬಿಡಿ. ಗೇಜಿನ ಹೋಸಲ್ಲಿರೋ ಸಣ್ಣ ವಾಲ್ವ್ ಪಿನ್ ಬಿಚ್ಚಿದರೆ ಅದೇ ಹೋಸ್ ಸಾಕು. 3ನೇ ಪ್ಲಗ್ ತೂತಲ್ಲಿ ಬುಸ್ಸಂದರೆ ಗ್ಯಾಸ್ಕೆಟ್. ಕಾರ್ಬುರೇಟರಲ್ಲಿ ಸದ್ದು ಬಂದರೆ ಇನ್ಲೆಟ್ ವಾಲ್ವ್, ಸೈಲೆನ್ಸರಲ್ಲಿ ಬಂದರೆ ಎಕ್ಸಾಸ್ಟ್, ಆಯಿಲ್ ಹಾಕೋ ಬಾಯಲ್ಲಿ ಬಂದರೆ ರಿಂಗ್.

ಬೆಳಗಿನ ನೀಲಿ ಹೊಗೆ ವಾಲ್ವ್ ಸೀಲಿಂದು. ರಾತ್ರಿಯಿಡೀ ಆಯಿಲ್ ವಾಲ್ವ್ ಗೈಡಲ್ಲಿ (ವಾಲ್ವಿನ ಕಾಂಡ ಆಡೋ ಕೊಳವೆ) ಜಾರಿ ಕೆಳಗೆ ಕೂತಿರುತ್ತೆ, ಸ್ಟಾರ್ಟ್ ಮಾಡಿದಾಗ ಒಮ್ಮೆಗೆ ಸುಡುತ್ತೆ. ಹೆಡ್ ಹೇಗೂ ಕೈಗೆ ಬರುತ್ತೆ, ಆರೂ ಸೀಲ್ ಬದಲಾಯಿಸಿ.

ಸಾಮಾನು ಮೊದಲೇ ತಂದಿಟ್ಕೊಳ್ಳಿ: ಟಾಪ್ ಗ್ಯಾಸ್ಕೆಟ್ ಸೆಟ್ (ಹೆಡ್, ಎರಡೂ ಮ್ಯಾನಿಫೋಲ್ಡ್, ಮೇಲಿನ ಕವರ್, ವಾಲ್ವ್ ಸೀಲ್ 6), ಕ್ಯಾಮ್ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ಟೆನ್ಷನರ್, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್, ಕೂಲಂಟ್, ಆಯಿಲ್, ಫಿಲ್ಟರ್. ಅಂಗಡಿಯಲ್ಲಿ ಬರೀ '800ರ ಹೆಡ್ ಗ್ಯಾಸ್ಕೆಟ್' ಅಂದರೆ 12 ವಾಲ್ವ್ ಇಂಜಿನ್ನಿಂದು ಕೈಗೆ ಬಂದರೂ ಬಂತು, ಅದು ಕೂರಲ್ಲ. 6 ವಾಲ್ವ್, ಕಾರ್ಬುರೇಟರ್ ಅಂತ ಬಿಡಿಸಿ ಹೇಳಿ. ಬೆಂಗಳೂರಿನ ಜೆ.ಸಿ. ರೋಡಿಂದ ತರಿಸೋದಾದರೂ ಇದೇ ಮಾತು.

ಬಿಚ್ಚೋದು ಪೂರ್ತಿ ತಣ್ಣಗಾದ ಇಂಜಿನ್ನಲ್ಲೇ, ಅಂದರೆ ರಾತ್ರಿ ನಿಲ್ಲಿಸಿ ಬೆಳಗ್ಗೆ. ಹೆಡ್ ಅಲ್ಯುಮಿನಿಯಂ, ಬ್ಲಾಕ್ ಕಬ್ಬಿಣ. ಬಿಸಿಯಲ್ಲಿ ಬೋಲ್ಟ್ ಸಡಿಲಿಸಿದರೆ ಹೆಡ್ ಬಾಗಿದ ಹಾಗೇ ತಣ್ಣಗಾಗುತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಆಯಿಲ್ ಹೊಡೆದಿಡಿ. ನಟ್ಟು ಬಿಗಿ ಅನ್ನಿಸಿದರೆ ಒಂದೇ ಕಡೆ ಜಗ್ಗಬೇಡಿ. ಕಾಲು ಸುತ್ತು ಹಿಂದೆ, ಸ್ವಲ್ಪ ಮುಂದೆ, ಮತ್ತೆ ಹಿಂದೆ. ಸ್ಟಡ್ ಮುರಿದರೆ ಒಂದು ದಿನ ಹೋಯ್ತು ಅನ್ಕೊಳ್ಳಿ.

ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೂಲಂಟ್ ಇಳಿಸಿ. ಕಾರ್ಬುರೇಟರಿನ ವ್ಯಾಕ್ಯೂಮ್ ಹೋಸುಗಳಿಗೆ ಪೇಪರ್ ಟೇಪ್ ಸುತ್ತಿ ನಂಬರ್ ಹಾಕಿ, ಹೋಸಿಗೂ ಅದು ಕೂರೋ ಮೂತಿಗೂ ಒಂದೇ ನಂಬರ್. ಫೋಟೋದಲ್ಲಿ ಎಲ್ಲ ಕಪ್ಪು ಪೈಪೂ ಒಂದೇ ಥರ ಕಾಣ್ತವೆ. ಬೆಲ್ಟ್ ಬಿಚ್ಚೋ ಮುಂಚೆ ಕ್ರ್ಯಾಂಕ್ ತಿರುಗಿಸಿ ಕ್ಯಾಮ್, ಕ್ರ್ಯಾಂಕ್ ಪುಲ್ಲಿಗಳ ಎರಡೂ ಮಾರ್ಕ್ ಕೂಡಿಸಿ, ಆ ಸ್ಥಿತಿಯಲ್ಲಿ ಡಿಸ್ಟ್ರಿಬ್ಯೂಟರ್ ರೋಟರ್ ಯಾವ ಕಡೆ ನೋಡ್ತಿದೆ ಅಂತ ಗುರುತು ಹಾಕಿ. ಇನ್ಲೆಟ್ ಮ್ಯಾನಿಫೋಲ್ಡು, ಕಾರ್ಬುರೇಟರ್ ಹೆಡ್ಡಿನ ಜೊತೆಗೇ ಬರಲಿ, ಬೆಂಚಿನ ಮೇಲೆ ಬಿಚ್ಚೋದು ಸುಲಭ.

ಹೆಡ್ ಬೋಲ್ಟ್ 8. ಸಡಿಲಿಸೋದು ಹೊರಗಿನ ತುದಿಗಳಿಂದ ನಡುವಿಗೆ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಎರಡು ಮೂರು ಸಲ. ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು ತೂತು ಮಾಡಿ ಬೋಲ್ಟುಗಳನ್ನು ಅದೇ ಜಾಗಕ್ಕೆ ಚುಚ್ಚಿಡಿ. ಹೆಡ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಬೇಡಿ, ಗೀರು ಬಿದ್ದ ಜಾಗದಲ್ಲೇ ನಾಳೆ ಗ್ಯಾಸ್ಕೆಟ್ ಹೋಗೋದು. ಮರದ ತುಂಡಿಟ್ಟು ಮೂಲೆಗೆ ತಟ್ಟಿ. ಎತ್ತಿದ ಮೇಲೆ ಹಳೇ ಗ್ಯಾಸ್ಕೆಟ್ ಎಸೀಬೇಡಿ, 2 ಮತ್ತು 3ರ ನಡುವೆ ಕರಿ ಗೆರೆ ಕಾಣಬೇಕು. ಆ ಗೆರೆಗೆ ಎದುರಾಗಿ ಹೆಡ್ಡಿನಲ್ಲೂ ಬ್ಲಾಕಿನಲ್ಲೂ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಬೆಂಕಿ ಲೋಹವನ್ನೂ ತಿಂದಿದೆ ಅಂತ ಅರ್ಥ.

ಲೇತ್‌ಮನೆ:

ಹೆಡ್ಡಿನ ಮಾತು ನಾನು ಹೇಳ್ತೀನಿ. ಮೊದಲು ಅಳತೆ. ಅಂಚು ನೇರ ಇರೋ ಸ್ಟೀಲ್ ಸ್ಟ್ರೇಟ್ ಎಡ್ಜ್ ಬೇಕು, ಸ್ಕೂಲಿನ ಸ್ಕೇಲ್ ಅಲ್ಲ. ಉದ್ದಕ್ಕೆ ಎರಡು ಅಂಚು, ನಡು, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡು ಸಲ. 0.05 ಮಿ.ಮೀ. ಫೀಲರ್ ಎಲ್ಲಾದರೂ ನುಸುಳಿದರೆ ಫೇಸಿಂಗ್ (ಮುಖ ಕೆತ್ತಿ ಸಮ ಮಾಡೋದು) ಮಾಡಿಸಬೇಕು. ಬ್ಲಾಕಿಗೂ ಇದೇ ಪರೀಕ್ಷೆ. ಬಿಸಿಯಾದ ಗಾಡಿಯಲ್ಲಿ ಹೆಡ್ ಬಾಗೋದು ಜಾಸ್ತಿ, ಬ್ಲಾಕ್ ಅಪರೂಪ.

ಜನ ಮರೆಯೋದು ಇನ್ನೊಂದಿದೆ. ಈ ಇಂಜಿನ್ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸೋ ಶಾಫ್ಟ್) ತಿರುಗೋದು ನೇರವಾಗಿ ಹೆಡ್ಡಿನ ಅಲ್ಯುಮಿನಿಯಂ ತೂತುಗಳಲ್ಲೇ, ಬೇರೆ ಬೇರಿಂಗ್ ಇಲ್ಲ. ಹೆಡ್ ಬಾಳೆಕಾಯಿ ಥರ ಬಾಗಿದ್ದರೆ ಕೆಳಗಿನ ಮುಖ ಮಾತ್ರವಲ್ಲ, ಆ ತೂತುಗಳ ಸಾಲೂ ಬಾಗಿರುತ್ತೆ. ಕೆಳಗೆ ಕೆತ್ತಿ ನೇರ ಮಾಡಿದರೂ ಮೇಲಿನ ಸಾಲು ಡೊಂಕಾಗೇ ಇರುತ್ತೆ, ಕ್ಯಾಮ್ ಬಿಗಿದುಕೊಂಡು ಹೆಡ್ಡನ್ನೇ ತಿನ್ನುತ್ತೆ. ಆದ್ದರಿಂದ ಲೇತಿಗೆ ಕೊಡೋ ಮುಂಚೆ ರಾಕರ್ (ಕ್ಯಾಮ್ ತಳ್ಳಿದಾಗ ವಾಲ್ವ್ ಒತ್ತೋ ತೋಳು) ಎಲ್ಲ ಬಿಚ್ಚಿ, ಕ್ಯಾಮಿಗೆ ಆಯಿಲ್ ಸವರಿ ತೂರಿಸಿ ಎರಡು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ಸುತ್ತಿದರೆ ಫೇಸಿಂಗಿಗೆ ಕೊಡಿ. ಒಂದು ಕಡೆ ಹಿಡಿದುಕೊಂಡರೆ ಬೇರೆ ಹೆಡ್ ಹುಡುಕೋದೇ ಒಳ್ಳೇದು. ರಾಕರ್ ಶಾಫ್ಟ್ ಎಳೆಯುವಾಗ ಎರಡಕ್ಕೂ ಇನ್, ಎಕ್ಸ್ ಅಂತ ಬರೆದು ಯಾವ ತುದಿ ಬೆಲ್ಟಿನ ಕಡೆಗಿತ್ತು ಅಂತಲೂ ಗುರುತು ಹಾಕಿ.

ಫೇಸಿಂಗ್ ಎಷ್ಟು? ಗೀರು ಹೋಗೋಷ್ಟು ಮಾತ್ರ. 'ಎಷ್ಟು ತೆಗೆದ್ರಿ' ಅಂತ ಕೇಳಿ ಬರೆಸ್ಕೊಳ್ಳಿ. ಬೋರ್ 68.5, ಸ್ಟ್ರೋಕ್ 72, ಅಂದರೆ ಒಂದು ಸಿಲಿಂಡರಿಗೆ 265 ಸಿಸಿ. ಕಂಪ್ರೆಷನ್ ರೇಷಿಯೋ 8.7 ಆದ್ದರಿಂದ ಮೇಲೆ ಉಳಿಯೋ ಜಾಗ ಸುಮಾರು 34.5 ಸಿಸಿ. 0.2 ಮಿ.ಮೀ. ತೆಗೆದರೆ ಹೆಚ್ಚೆಂದರೆ 0.75 ಸಿಸಿ ಕಮ್ಮಿಯಾಗಿ ರೇಷಿಯೋ 8.9ರ ಹತ್ತಿರ ಬರುತ್ತೆ. ಅಷ್ಟಕ್ಕೆ ಪೆಟ್ರೋಲ್ ತಕರಾರು ಮಾಡಲ್ಲ. ಅದೇ ಹೆಡ್ ಮೂರನೇ ಸಲ ಲೇತ್ ಹತ್ತಿದ್ದರೆ ಏರಿನಲ್ಲಿ ಕಟಕಟ ನಾಕಿಂಗ್ ಶುರು. ಹೆಡ್ ಕೆಳಗಿಳಿದಷ್ಟೂ ಕ್ಯಾಮ್ ಟೈಮಿಂಗ್ ಕೂಡ ಒಂದು ಚೂರು ಹಿಂದೆ ಬೀಳುತ್ತೆ.

ವಾಲ್ವ್. ಸ್ಪ್ರಿಂಗ್ ಒತ್ತಿ ಕಾಟರ್ (ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡೋ ಸಣ್ಣ ಬೀಗ) ತೆಗೆದ ಮೇಲೆ ವಾಲ್ವನ್ನು ಹಾಗೇ ಎಳೀಬೇಡಿ. ರಾಕರ್ ಬಡಿದು ಬಡಿದು ಕಾಂಡದ ತುದಿ ಅಣಬೆಯಂತೆ ಅಗಲವಾಗಿರುತ್ತೆ. ಸಣ್ಣ ಅರದಿಂದ ಆ ಅಂಚು ಉಜ್ಜಿ ತೆಗೆಯದೆ ಎಳೆದರೆ ಗೈಡಿನ ಒಳಗೆಲ್ಲ ಗೀರು. ಆರೂ ವಾಲ್ವ್ ತಮ್ಮ ತಮ್ಮ ಸೀಟಿಗೇ ವಾಪಸ್ ಹೋಗಬೇಕು. ಎಕ್ಸಾಸ್ಟ್ ವಾಲ್ವಿನ ತಲೆಯ ಅಂಚು 0.7 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸದು ಹಾಕಿ, ತೆಳು ಅಂಚು ಬಿಸಿಗೆ ಸುಟ್ಟು ತೂತಾಗುತ್ತೆ. ವಾಲ್ವನ್ನು ಒಂದು ಸೆಂಟಿಮೀಟರ್ ಎತ್ತಿ ಅಲ್ಲಾಡಿಸಿ ನೋಡಿ. ಕೈಗೆ ಗೊತ್ತಾಗೋ ಹಾಗೆ ಟಕಟಕ ಆಡಿದರೆ ಗೈಡ್ ಸವೆದಿದೆ, ಹೊಸ ಸೀಲ್ ಹಾಕಿದರೂ ನಾಲ್ಕು ತಿಂಗಳಲ್ಲಿ ಮತ್ತೆ ಹೊಗೆ.

ವಾಲ್ವ್ ಉಜ್ಜೋದಕ್ಕೆ ಸಣ್ಣ ಪೇಸ್ಟ್ ಸಾಕು. ಸೀಟಿನ ಮೇಲೆ ನಾಲ್ಕು ಚುಕ್ಕೆ ಇಟ್ಟು, ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ಆಡಿಸಿ. ಹತ್ತು ಸಲಕ್ಕೊಮ್ಮೆ ಎತ್ತಿ ಕಾಲು ಸುತ್ತು ತಿರುಗಿಸಿ ಕೂರಿಸಿ. ಮೊದಲು ಕರಕರ ಸದ್ದು, ಆಮೇಲೆ ಮೆತ್ತಗಾಗುತ್ತೆ. ಒರೆಸಿ ನೋಡಿದರೆ ಸುತ್ತಲೂ ಕಡಿಯದ ಬೂದು ಉಂಗುರ ಕಾಣಬೇಕು, ಅಗಲ 1.3ರಿಂದ 1.5 ಮಿ.ಮೀ. ಗುಳಿ ಬಿದ್ದ ಸೀಟನ್ನು ಉಜ್ಜಿಯೇ ಸರಿಮಾಡ್ತೀನಿ ಅಂತ ಕೂತರೆ ಉಂಗುರ 2 ಮಿ.ಮೀ. ದಾಟುತ್ತೆ. ಅಗಲ ಆದಷ್ಟೂ ಒತ್ತಡ ಹಂಚಿಹೋಗಿ ಇಂಗಾಲ ಸಿಕ್ಕಿಕೊಂಡು ಬೇಗ ಲೀಕ್ ಆಗುತ್ತೆ. ಗುಳಿ ಇದ್ದರೆ ಲೇತಲ್ಲಿ 45 ಡಿಗ್ರಿ ಸೀಟ್ ಕಟ್ಟಿಂಗ್ ಮಾಡಿಸಿ ಆಮೇಲೆ ಮನೆಯಲ್ಲಿ ಹಗುರಾಗಿ ಉಜ್ಜಿ. ಎಲ್ಲ ಮುಗಿದ ಮೇಲೆ ಬಿಸಿನೀರು, ಸೋಪಿನ ಪುಡಿ, ಹಳೇ ಬ್ರಷ್. ಪೇಸ್ಟಿನ ಒಂದು ಕಣ ಗೈಡಲ್ಲಿ ಉಳಿದರೂ ಅದು ಅರದ ಕೆಲಸ ಮಾಡುತ್ತೆ.

ಸೀಲನ್ನು ಆಯಿಲಲ್ಲಿ ಅದ್ದಿ ಉದ್ದ ಸಾಕೆಟ್ಟಿನಿಂದ ಕೈಯಲ್ಲೇ ಒತ್ತಿ ಕೂರಿಸಿ, ಸುತ್ತಿಗೆ ಬೇಡ. ಸ್ಪ್ರಿಂಗಿನ ಸುತ್ತುಗಳು ಹತ್ತಿರ ಹತ್ತಿರ ಇರೋ ತುದಿ ಹೆಡ್ಡಿನ ಕಡೆಗೆ. ಕೂರಿಸಿದ ಮೇಲೆ ಹೆಡ್ ಓರೆ ಮಾಡಿ ಪೋರ್ಟಿಗೆ ಸೀಮೆಎಣ್ಣೆ ತುಂಬಿ ಐದು ನಿಮಿಷ ಬಿಡಿ. ಸೀಟಿನ ಸುತ್ತ ಹನಿ ಒಸರಿದರೆ ಅದೊಂದನ್ನು ಮತ್ತೆ ಬಿಚ್ಚಿ.

ಹಳೇಕಾರ್ಬು:

ಬ್ಲಾಕಿನ ಕಡೆ ಯಾರೂ ಹೇಳಲಿಲ್ಲ. ಪಿಸ್ಟನ್ ಅಂಚಿನ ಸುತ್ತ ಗ್ರೀಸ್ ಬಳಿದು, ಉಳಿದ ಬೋರಿಗೆ ಬಟ್ಟೆ ತುರುಕಿ ಇಂಗಾಲ ಕೆರೆಯಿರಿ. ಪುಡಿ ಗ್ರೀಸಿಗೆ ಅಂಟುತ್ತೆ, ಒರೆಸಿದರೆ ಬರುತ್ತೆ. ಗ್ಯಾಸ್ಕೆಟ್ ಚೂರು ತೆಗೆಯೋಕೆ ಬ್ಲೇಡನ್ನು ಮಲಗಿಸಿ ಕೆರೆಯೋದೇ ಸರಿ. ಡ್ರಿಲ್ಲಿಗೆ ಉಜ್ಜೋ ಡಿಸ್ಕ್ ಹಾಕಬೇಡಿ. ಅದರ ಪುಡಿ ಆಯಿಲ್ ದಾರಿ ಹಿಡಿದು ಕ್ರ್ಯಾಂಕ್ ಬೇರಿಂಗ್ ತಲುಪಿದರೆ ಹೆಡ್ ಕೆಲಸ ಹೋಗಿ ಪೂರ್ತಿ ಇಂಜಿನ್ ಕೆಲಸ ಆಗುತ್ತೆ.

ಹಳೇ ಮೇಸ್ತ್ರಿಗಳು ಪಿಸ್ಟನ್ ಅಂಚಲ್ಲಿ ಒಂದು ಉಂಗುರ ಇಂಗಾಲ ಬಿಡಿ, ಆಯಿಲ್ ತಡೆಯುತ್ತೆ ಅಂತಾರೆ. ನಿಮ್ಮ ರಿಂಗ್ ಚೆನ್ನಾಗಿವೆ, ಆ ಶಾಸ್ತ್ರ ಬೇಕಿಲ್ಲ. ರಿಂಗ್ ಸವೆದ ಇಂಜಿನ್ನಿಗಾದರೆ ನಾನೂ ಬಿಡ್ತೀನಿ.

ಬೋಲ್ಟ್ ತೂತುಗಳಲ್ಲಿ ಕೂಲಂಟೋ ಆಯಿಲ್ಲೋ ನಿಂತಿರುತ್ತೆ. ತೆಗೆಯದೆ ಬೋಲ್ಟ್ ಹಾಕಿದರೆ ತಳದಲ್ಲಿ ದ್ರವ ಒತ್ತಿಕೊಂಡು ರೆಂಚ್ ಟಕ್ ಅನ್ನುತ್ತೆ, ಹೆಡ್ ಮಾತ್ರ ಬಿಗಿಯಾಗಿರಲ್ಲ. ಬ್ಲಾಕ್ ಸೀಳಿದರೂ ಸೀಳಬಹುದು. ಕಂಪ್ರೆಸರ್ ಗಾಳಿಯಿಂದ ಒಣಗಿಸಿ. ಹಳೇ ಹೆಡ್ ಬೋಲ್ಟಿನ ಎಳೆಗೆ (ಥ್ರೆಡ್ಡಿಗೆ) ಉದ್ದಕ್ಕೆ ಗರಗಸದಲ್ಲಿ ಒಂದು ಗೀರು ಹಾಕಿ, ಅದನ್ನೇ ಕೈಯಲ್ಲಿ ಓಡಿಸಿದರೆ ಕೊಳೆ ಬರುತ್ತೆ.

ಗ್ಯಾಸ್ಕೆಟ್ಟಿಗೆ ಬಾಂಡು, ಸಿಲಿಕಾನ್, ಗ್ರೀಸ್ ಯಾವುದೂ ಬೇಡ. ಎರಡೂ ಮುಖ ಥಿನ್ನರಲ್ಲಿ ಒರೆಸಿ ಒಣಗಿದ ಗ್ಯಾಸ್ಕೆಟ್ ಇಡಿ. 'ಟಾಪ್' ಅಂತ ಬರೆದಿದ್ದರೆ ಅದು ಮೇಲೆ, ಆಯಿಲ್ ಹೋಗೋ ತೂತು ಬ್ಲಾಕಿನ ತೂತಿನ ನೇರಕ್ಕೆ. ತಿರುಗಾಮುರುಗಾ ಇಟ್ಟರೆ ಆಯಿಲ್ ದಾರಿ ಮುಚ್ಚಿ ಕ್ಯಾಮ್ ಒಣಗುತ್ತೆ. ಬೋಲ್ಟಿನ ಎಳೆಗೂ ತಲೆಯ ಕೆಳಗೂ ತೆಳ್ಳಗೆ ಆಯಿಲ್. ನಡುವಿನಿಂದ ಹೊರಕ್ಕೆ, ಮೊದಲ ಸುತ್ತು 20 ನ್ಯೂಟನ್ ಮೀಟರ್, ಎರಡನೇದು 40, ಕೊನೇದು 55ರಿಂದ 60, ಅಂದರೆ 5.5ರಿಂದ 6 ಕೆಜಿ-ಮೀಟರ್. ನಿಮ್ಮ ರೆಂಚ್ 40ರಿಂದ ಶುರು, ಮೊದಲ ಸುತ್ತು ಅದರಲ್ಲಿ ಆಗಲ್ಲ. 10ರಿಂದ 80ರದ್ದು ಯಾರ ಹತ್ತಿರವಾದರೂ ಎರವಲು ತನ್ನಿ.

ಲೇತ್‌ಮನೆ:

ಒಂದು ತಿದ್ದುಪಡಿ. ಗ್ಯಾಸ್ಕೆಟ್ ಕವರಿನ ಮೇಲೆ ಟಾರ್ಕ್ ಬರೆದಿದ್ದರೆ ಅದೇ ಪ್ರಮಾಣ. ಓಡಿಸಿ ತಣ್ಣಗಾದ ಮೇಲೆ ಮತ್ತೆ ಬಿಗಿ ಮಾಡಬೇಕಾ ಬೇಡವಾ ಅನ್ನೋದೂ ಅಲ್ಲೇ ಇರುತ್ತೆ. ಮಾಡೋದಾದರೆ ಎಂಟನ್ನೂ ಒಟ್ಟಿಗೆ ಸಡಿಲಿಸಬೇಡಿ. ಒಂದನ್ನು ಸ್ವಲ್ಪ ಬಿಟ್ಟು ಟಾರ್ಕಿಗೆ ತಂದು, ಆಮೇಲೆ ಮುಂದಿನದು. ನಿಂತ ಬೋಲ್ಟಿನ ಮೇಲೇ ರೆಂಚ್ ಹಾಕಿದರೆ ಎಳೆಯ ಹಿಡಿತಕ್ಕೇ ಟಕ್ ಅನ್ನುತ್ತೆ.

ಕೆಂಪು800:

ಹೆಡ್ ಉದ್ದಕ್ಕೆ 0.08 ಬಾಗಿತ್ತು, ಕ್ಯಾಮ್ ಸಲೀಸಾಗಿ ತಿರುಗಿತು. ಲೇತಲ್ಲಿ 0.10 ತೆಗೆದಿದ್ದಾರೆ. ಸೀಮೆಎಣ್ಣೆ ಹನಿಯಲಿಲ್ಲ, ಹೆಡ್ ಕೂತಿದೆ. ಈಗ ಬೆಲ್ಟು ಮತ್ತು ವಾಲ್ವ್ ಗ್ಯಾಪ್ (ರಾಕರಿಗೂ ವಾಲ್ವ್ ತುದಿಗೂ ನಡುವಿನ ಸಂದು). ಕೈಪಿಡಿಯಲ್ಲಿ ತಣ್ಣಗಿದ್ದಾಗ 0.15, ಬಿಸಿಯಲ್ಲಿ 0.25 ಅಂತಿದೆ. ಉಲ್ಟಾ ಅಚ್ಚಾಗಿದೆಯಾ? ಬಿಸಿಗೆ ವಾಲ್ವ್ ಉದ್ದವಾಗಿ ಗ್ಯಾಪ್ ಕಮ್ಮಿ ಆಗಬೇಕಲ್ಲ?

ಹಳೇಕಾರ್ಬು:

ಅಚ್ಚು ಸರಿ ಇದೆ. ವಾಲ್ವ್ ಉಕ್ಕು, ಹೆಡ್ ಅಲ್ಯುಮಿನಿಯಂ. ಒಂದೇ ಬಿಸಿಗೆ ಅಲ್ಯುಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ರಾಕರ್ ಶಾಫ್ಟೂ ಕ್ಯಾಮೂ ಹೆಡ್ಡಿನ ಮೇಲೆ ಕೂತಿವೆ, ವಾಲ್ವಿನ ಸೀಟು ಕೆಳಗಿದೆ. ಹೆಡ್ ಬೆಳೆದಾಗ ರಾಕರ್ ಮೇಲೇಳುತ್ತೆ, ವಾಲ್ವ್ ಅಷ್ಟು ಉದ್ದವಾಗಲ್ಲ, ಗ್ಯಾಪ್ ಹೆಚ್ಚುತ್ತೆ. ತಣ್ಣಗಿರುವಾಗ 0.25 ಇಟ್ಟರೆ ಬಿಸಿಗೆ ಹೊಲಿಗೆ ಮಿಷನ್ ಸದ್ದು. ಬಿಸಿಯಲ್ಲಿ 0.15 ಇಟ್ಟರೆ ತಣ್ಣಗಾದಾಗ ಗ್ಯಾಪ್ 0.05ರಷ್ಟೇ ಉಳಿಯುತ್ತೆ.

ಬೆಲ್ಟಿಗೆ ಕ್ಯಾಮ್ ಪುಲ್ಲಿ ಗುರುತನ್ನು ಹಿಂದಿನ ಕವರಿನ ಗುರುತಿಗೆ, ಕ್ರ್ಯಾಂಕ್ ಪುಲ್ಲಿ ಗುರುತನ್ನು ಆಯಿಲ್ ಪಂಪ್ ಮೇಲಿನದಕ್ಕೆ ಕೂಡಿಸಿ. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಲಿ, ಸಡಿಲು ಟೆನ್ಷನರ್ ಕಡೆಗೆ ಬರಲಿ. ಪ್ಲಗ್ ಬಿಚ್ಚಿ ಪಾನಾದಲ್ಲಿ ಕ್ರ್ಯಾಂಕನ್ನು ಇಂಜಿನ್ ಓಡೋ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ, ಆಮೇಲೆ ಟೆನ್ಷನರ್ ಬೋಲ್ಟ್ ಬಿಗಿ ಮಾಡಿ ಗುರುತು ಮತ್ತೆ ನೋಡಿ. ನಡುವೆ ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ಬಲ ಹಾಕಬೇಡಿ, ನಿಲ್ಲಿಸಿ.

ಗುರುತು ಕೂಡಿದ ಮಾತ್ರಕ್ಕೆ 1ನೇ ಸಿಲಿಂಡರ್ ಫೈರಿಂಗಲ್ಲಿದೆ ಅಂತ ಅಲ್ಲ. 1ರ ಎರಡೂ ರಾಕರ್ ಸಡಿಲ ಇದ್ದರೆ ಮಾತ್ರ ಹೌದು, ಇಲ್ಲದಿದ್ದರೆ ಕ್ರ್ಯಾಂಕ್ ಇನ್ನೊಂದು ಸುತ್ತು ತಿರುಗಿಸಿ. ಫೈರಿಂಗ್ ಆರ್ಡರ್ 1-3-2. ಒಂದರ ಗ್ಯಾಪ್ ಇಟ್ಟು ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿದರೆ 3, ಮತ್ತೆ 240ಕ್ಕೆ 2. ಫೀಲರ್ ಎಳೆದಾಗ ಹೊಸ ನೋಟು ಪುಸ್ತಕದಿಂದ ಎಳೆದ ಹಾಗೆ ಸ್ವಲ್ಪ ಹಿಡಿಯಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುತ್ತೆ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಫೀಲರ್ ಹಾಕದಿದ್ದರೆ ಅಳೆದದ್ದೇ ದಂಡ.

ಪಾನಾಪೆಟ್ಟಿಗೆ:

ಸ್ಟಾರ್ಟ್ ಮಾಡೋ ಮುಂಚೆ ಹೊಸ ಆಯಿಲ್, ಫಿಲ್ಟರ್. ಕಾಯಿಲ್ ವೈರ್ ಕಿತ್ತು, ಪ್ಲಗ್ ಇಲ್ಲದೆ, ಆಯಿಲ್ ಲೈಟ್ ಆರೋವರೆಗೂ ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ. ಗೇಜ್ ಕೈಯಲ್ಲೇ ಇದೆ, ಮೂರೂ ಸಿಲಿಂಡರ್ ಇನ್ನೊಮ್ಮೆ ಅಳೆಯಿರಿ. ತಣ್ಣಗಿರೋದರಿಂದ ಸ್ವಲ್ಪ ಕಮ್ಮಿ ತೋರಿಸಿದರೂ ಮೂರೂ ಹತ್ತಿರ ಹತ್ತಿರ ಬರಬೇಕು. ಸ್ಟಾರ್ಟ್ ಆಗದೆ ಕಾರ್ಬುರೇಟರಿಂದ ಪಟ್ ಅಂತ ಬೆಂಕಿ ಉಗುಳಿದರೆ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತಿದೆ.

ಕೂಲಂಟ್ ತುಂಬುವಾಗ ಗಾಡಿಯ ಮೂತಿ ಏರಿನ ಕಡೆಗಿರಲಿ, ಹೀಟರ್ ಲಿವರ್ ಪೂರ್ತಿ ಬಿಸಿಗೆ. ಕ್ಯಾಪ್ ತೆಗೆದೇ ಐಡ್ಲಿಂಗಲ್ಲಿ ಬಿಡಿ. ಗುಳ್ಳೆ ಬಂದು ಮಟ್ಟ ಇಳಿದಂತೆ ತುಂಬುತ್ತಾ ಹೋಗಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾದ ಮೇಲೆ ಕ್ಯಾಪ್ ಹಾಕಿ. ಫ್ಯಾನ್ ತಾನಾಗೇ ತಿರುಗೋವರೆಗೂ ಕಾಯಿರಿ. ತಿರುಗದಿದ್ದರೆ ರೋಡಿಗೆ ಇಳಿಸಬೇಡಿ, ಮೊದಲು ಫ್ಯಾನ್ ಸ್ವಿಚ್ ನೋಡಿ. ಮೊದಲ ಹತ್ತು ನಿಮಿಷ ಎಕ್ಸಾಸ್ಟಿಂದ ಆಯಿಲ್ ಸುಟ್ಟ ಹೊಗೆ ಬರೋದು ಸಹಜ. 1000 ಕಿ.ಮೀ. ಆದ ಮೇಲೆ ವಾಲ್ವ್ ಗ್ಯಾಪ್ ಮತ್ತೆ ನೋಡಿ. ಹೊಸದಾಗಿ ಉಜ್ಜಿದ ಸೀಟು ಇಷ್ಟಿಷ್ಟೇ ಕೂತು ಗ್ಯಾಪ್ ಕಮ್ಮಿಯಾಗಿರುತ್ತೆ.

ಇನ್ನು ರೇಡಿಯೇಟರ್. ಎಷ್ಟೋ ಕಡೆ 'ನಮ್ಮ ಬಿಸಿಲಿಗೆ ಯಾಕೆ' ಅಂತ ಥರ್ಮೋಸ್ಟಾಟ್ ಕಿತ್ತೆಸೆದು, ಬೋರ್‌ವೆಲ್ ನೀರು ತುಂಬಿ ಕಳಿಸ್ತಾರೆ. ಗಡಸು ನೀರಿನ ಸುಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತೆ. ಇಂಜಿನ್ ಬಿಸಿಯಾದಾಗ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮೇಲೆ ಅಂಗೈ ಆಡಿಸಿ. ನಡುವೆ ಎಲ್ಲಾದರೂ ತಣ್ಣನೆ ಪಟ್ಟೆ ಸಿಕ್ಕರೆ ಅಲ್ಲಿ ನೀರು ಹರೀತಿಲ್ಲ. ಬಿಚ್ಚಿಸಿ ಕೊಳವೆಗಳಿಗೆ ಸಲಾಕೆ ಹೊಡೆಸಿ, ಇಲ್ಲ ಬದಲಾಯಿಸಿ. ಅದನ್ನು ಹಾಗೇ ಬಿಟ್ಟರೆ ಹೊಸ ಗ್ಯಾಸ್ಕೆಟ್ಟೂ ಅದೇ 2 ಮತ್ತು 3ರ ನಡುವೆ ಹೋಗುತ್ತೆ.

ಕೆಂಪು800:

10.5, 10.5, 10. ರೇಡಿಯೇಟರಿನ ಎಡಗಡೆ ಕೆಳಗೆ ಎರಡು ಬೆರಳಗಲ ತಣ್ಣಗಿದೆ. ನಾಳೆ ಬಿಚ್ಚಿ ಕೊಡ್ತೀನಿ.